ಸೀಡರ್ ಹೊಟ್ಟು ಬೇಡ ತಮ್ಮಾ

ಬೀದರ್ ಬಿಟ್ಟು ಈಗಷ್ಟೇ ಅಮೆರಿಕದ ಒಹಾಯೋಗೆ ಬಂದಿದ್ದೀಯ. ಊರು ಬಿಡುತ್ತಿರುವ ಗೆಳೆಯನ ಕಾರ್ನ್ ಸ್ನೇಕ್ ಅನ್ನೋ ವಿಷವಿಲ್ಲದ ಹಾವನ್ನು ಸಾಕೋಣ ಅಂತಿದ್ದೀಯ. ಅದಕ್ಕೆ ಬೇಕಾದ ಇಲಿಗಳನ್ನು ಮನೆಯಲ್ಲೇ ಬೆಳೆಸಬಹುದಾ, ಕೆಳಗೆ ಸೀಡರ್ ಮರದ ಹೊಟ್ಟು ಹಾಸಿದರೆ ನಡೆಯುತ್ತಾ ಅಂತ ಕೇಳಿದ್ದೀಯ. ಸೀಡರ್ ಮಾತ್ರ ಬೇಡವೇ ಬೇಡ.

ನಾನು ಕಲಬುರಗಿಯವನು. ನಮ್ಮ ಕಡೆ ಹಾವು ಅಂದರೆ ತೊಗರಿ ಹೊಲದ ಬದುವಿನಲ್ಲಿ ಸರಿದು ಹೋಗುವ ಕೇರೆ, ಇಲ್ಲಾ ಪಂಚಮಿಗೆ ಹಾಲೆರೆಯುವ ಹುತ್ತ. 1972ರ ವನ್ಯಜೀವಿ ಕಾಯ್ದೆ ಇರುವಾಗ ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕುವ ಮಾತೇ ಇಲ್ಲ. ಅದಕ್ಕೇ ಇದೆಲ್ಲ ನಮಗೆ ಹೊಸದು. ಕೇಳಿದ್ದು ಒಳ್ಳೆಯದಾಯಿತು.

ನಮ್ಮಲ್ಲಿ ಟ್ರಂಕಿಗೆ ನುಸಿಗುಳಿಗೆ ಹಾಕುವ ಹಾಗೆ ಇಲ್ಲಿ ಬಟ್ಟೆಯ ಕಪಾಟಿನಲ್ಲಿ ಸೀಡರ್ ತುಂಡು ಇಡುತ್ತಾರೆ. ಹುಳ ಓಡಿಸುವ ಆ ಘಾಟನ್ನೇ ಇಲಿ ಹಗಲು ರಾತ್ರಿ ಉಸಿರಾಡಬೇಕು. ಸೀಡರ್, ಪೈನ್‌ನಂಥ ಮೆದು ಮರದ ಹೊಟ್ಟಿನ ಮೇಲಿದ್ದ ಇಲಿಗಳ ಲಿವರ್ ಕೆಲಸದಲ್ಲೇ ಬದಲಾವಣೆ ಆಗುತ್ತದೆ ಅಂತ 1967ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಇಲಿಯ ಕೂದಲಿಗೆ ಅಂಟಿದ ಪುಡಿ ನೇರವಾಗಿ ಹಾವಿನ ಬಾಯಿಗೆ ಹೋಗುತ್ತದೆ. ಸೀಡರ್ ಎಣ್ಣೆ ಹಾವಿಗೂ ವಿಷವೇ. ಆಸ್ಪೆನ್ ಮರದ ಹೊಟ್ಟು ಇಲ್ಲವೇ ಕಾಗದದ ಹಾಸು ತಗೋ. ಆಸ್ಪೆನ್ ಒದ್ದೆಯಾದರೆ ಬೂಸ್ಟು ಹಿಡಿಯುತ್ತದೆ, ಅದೊಂದು ನೋಡ್ಕೋ.

ಹೊಟ್ಟು ಎಷ್ಟೇ ಒಳ್ಳೆಯದಿದ್ದರೂ ಇಲ್ಲಿಯ ಚಳಿಗಾಲದ್ದೇ ನನಗೆ ಚಿಂತೆ. ತಿಂಗಳುಗಟ್ಟಲೆ ಕಿಟಕಿ ತೆರೆಯಲ್ಲ. ಇಲಿಯ ಉಚ್ಚೆಯಿಂದ ಏಳುವ ಅಮೋನಿಯಾ ಒಳಗೇ ನಿಲ್ಲುತ್ತದೆ. ನಿನ್ನ ಮೂಗಿಗೆ ವಾಸನೆ ಬಡಿಯುವ ಹೊತ್ತಿಗೆ, ಹೊಟ್ಟಿನಲ್ಲೇ ಮೂಗಿಟ್ಟು ಮಲಗುವ ಮರಿಗಳ ಶ್ವಾಸಕೋಶಕ್ಕೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಸೀನುವ, ಬಡಕಲಾದ ಇಲಿಯನ್ನು ಹಾವಿಗೆ ಕೊಡಬೇಡ. ಇಲಿ, ಹಾವು ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡ. ಹಾವಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಬಾಯಿ ತೆರೆದೇ ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ ತಡಮಾಡದೆ ಸರೀಸೃಪ ನೋಡುವ ಡಾಕ್ಟರ ಹತ್ತಿರ ಹೋಗು.

ಒಂದೇ ಹಾವಿಗಾಗಿ ಇಷ್ಟೆಲ್ಲ ಯಾಕೆ? ಫ್ರೀಜ್ ಮಾಡಿದ ಇಲಿ ಅಂಗಡಿಯಲ್ಲಿ ಸಿಗುತ್ತದೆ. ಕವರಿನಲ್ಲಿ ಹಾಕಿ ರಾತ್ರಿ ಫ್ರಿಜ್ಜಿನೊಳಗೆ ಕೆಳಗಿನ ಅರೆಯಲ್ಲಿ ಇಡು, ಆಮೇಲೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡು. ಮೈಕ್ರೋವೇವ್ ಬೇಡ. ಅಂಟಿದ ಹೊಟ್ಟು ಒರೆಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಕೊಡು. ಸಾಲ್ಮೊನೆಲ್ಲಾ ಭಯ ಇರುತ್ತದೆ, ಆ ಪಾತ್ರೆ ಅಡುಗೆಗೆ ಬಳಸಬೇಡ, ಕೈ ಸೋಪು ಹಾಕಿ ತೊಳಿ. ಮತ್ತೆ ಹಾವು ತರುವ ಮುಂಚೆ ಬಾಡಿಗೆ ಕರಾರು ಓದು. ಮನೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತಗೋ.