ಓದುಗರ ಪ್ರಶ್ನೆ: ಸಭೆ ಒಂದೇ, ಗುಂಪು ಮಾತ್ರ ನಾಲ್ಕು

ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದ್ರೆ ಚರ್ಚ್. ಹಳೇ ಕನ್ನಡ ಕುಟುಂಬಗಳು, ತಮಿಳು ತೆಲುಗಿನವ್ರು, ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಬಂದವ್ರು, ಈಗ ಮಿಜೋರಾಂ ನಾಗಾಲ್ಯಾಂಡ್ ಹುಡುಗ್ರೂ ಬರ್ತಾರೆ. ಆರಾಧನೆ ಮುಗೀತಿದ್ದಂಗೆ ಅವರವರ ಗುಂಪಲ್ಲೇ ನಿಂತ್ಕೊಂಡು ಟೀ ಕುಡಿದು ಹೋಗ್ತಾರೆ. ವರ್ಷಕ್ಕೊಂದು ಭಾನುವಾರ ಎಲ್ಲಾ ಭಾಷೇಲೂ ಒಂದೊಂದು ಹಾಡು ಹಾಡಿ ಬಿರಿಯಾನಿ ಊಟ ಹಾಕ್ತೀವಿ, ಅಷ್ಟೇ. ಆತ್ಮಿಕವಾಗಿ ಒಟ್ಟಿಗೆ ಬೆಳೆಯೋದು ಹೇಗೆ?
(ಸಭಾ ಕಮಿಟಿಯ ಸದಸ್ಯೆ, ಬೆಂಗಳೂರು)

ಉತ್ತರ: ಪತ್ರದಲ್ಲಿ ಎಲ್ಲಾ ಬರ್ದಿದ್ದೀರಿ ಅಕ್ಕ, ನಿಮ್ಮ ಕಮಿಟೀಲಿ ಯಾರ್ಯಾರಿದ್ದಾರೆ ಅನ್ನೋದೊಂದು ಬಿಟ್ಟು. ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ಯೆರೂಸಲೇಮಿನ ಮೊದಲನೇ ಸಭೇಲೇ ಈ ತಕರಾರು ಬಂದಿತ್ತು. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೀರಿ. ದಿನದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನ ಬಿಟ್ಬಿಡ್ತಾರೆ ಅಂತ ಗ್ರೀಕ್ ಮಾತಾಡೋರು ಗೊಣಗ್ತಿದ್ರು. ಸಭೆ ನಡೆಸ್ತಿದ್ದ ಅಪೊಸ್ತಲರು, ಅಂದ್ರೆ ಯೇಸುವಿನ ಮುಖ್ಯ ಶಿಷ್ಯರು, ಹೊಂದ್ಕೊಂಡು ಹೋಗಿ ಅಂತ ಒಂದು ಪ್ರಸಂಗ ಮಾಡಿ ಮುಗಿಸಲಿಲ್ಲ, ಏಳು ಜನರನ್ನ ಆರಿಸ್ಕೊಳ್ಳಿ ಅಂದ್ರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ಬಹುಶಃ ದೂರು ಹೇಳಿದ ಕಡೆಯವ್ರ ಕೈಗೇ ಹಂಚೋ ಕೆಲಸ ಕೊಟ್ಟಿದ್ದಾರೆ, ಅದರ ಮುಂದಿನ ವಚನದಲ್ಲೇ ಶಿಷ್ಯರ ಸಂಖ್ಯೆ ಬಹಳವಾಗಿ ಹೆಚ್ತು ಅಂತ ಬರುತ್ತೆ. ಹಾಗಾಗಿ ನಿಮ್ಮ ಮಿಜೋ ಹುಡುಗ್ರಿಗೆ ಗಿಟಾರ್ ಜೊತೆ ಕಾಣಿಕೆ ಲೆಕ್ಕದ ಪುಸ್ತಕಾನೂ ಕೊಡಿ, ಹುಬ್ಬಳ್ಳಿ ಕಡೆಯವ್ರಿಗೆ ಸಂಡೇ ಸ್ಕೂಲ್ ಕೊಡಿ, ಚರ್ಚಿನ ಸುಗ್ಗಿ ಹಬ್ಬದ ದುಡ್ಡು ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡುವಾಗ ಅವ್ರೂ ಕೂತಿರ್ಲಿ.

ಇದು ಒಂದೆರಡು ತಿಂಗಳಲ್ಲಿ ಆಗೋದಲ್ಲ. ನಿಮ್ಮ ಸಿಎಸ್‌ಐನೇ ನೋಡಿ, 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತುಕತೆ ಶುರುವಾಗಿ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಒಂದಾಗೋಕೆ 28 ವರ್ಷ ಹಿಡೀತು, ಬಿಷಪ್ ಇರೋ ಆಂಗ್ಲಿಕನ್ನರೂ (ಇಂಗ್ಲೆಂಡ್ ಚರ್ಚಿನ ಪರಂಪರೆಯವ್ರು) ಬಿಷಪ್ ಬೇಡ ಅಂದವ್ರೂ ಸೇರಿದ್ರು, ಆದ್ರೂ ಬಿಷಪ್ ಕೈಯಿಟ್ಟು ಅಭಿಷೇಕ ಮಾಡದ ಪಾಸ್ಟರ್‌ಗಳಿಗೆ ಇನ್ನೊಂದ್ಸಲ ದೀಕ್ಷೆ ತಗೊಳ್ಳಿ ಅಂತ ಹೊಸ ಸಿಎಸ್‌ಐ ಹಠ ಹಿಡೀಲಿಲ್ಲ, ಇದ್ದ ಹಾಗೇ ಒಪ್ಕೊಂಡ್ರು. ನೀವು ಹೊಸಬ್ರನ್ನ ಹಾಗೆ ಒಪ್ಕೊಂಡಿದ್ದೀರಾ?

ಇನ್ನೊಂದು ವಿಷ್ಯ, ಹೇಳ್ದೆ ಇರಕ್ಕಾಗಲ್ಲ. ಕೊರಿಂಥ ಅನ್ನೋ ಗ್ರೀಕ್ ಪಟ್ಟಣದ ಸಭೇಲಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋದಕ್ಕೆ) ಬಂದು ಕೆಲವ್ರು ಹೊಟ್ಟೆತುಂಬ ತಿಂತಿದ್ರು, ಇಲ್ಲದವ್ರು ಹಸ್ಕೊಂಡು ಕೂತಿರ್ತಿದ್ರು, ಅಪೊಸ್ತಲ ಪೌಲ ಅವ್ರಿಗೆ ಬರೆದ ಪತ್ರದಲ್ಲಿ ಎಷ್ಟು ಖಾರವಾಗಿ ಬೈದಿದ್ದಾನೆ ಅಂತ ಓದಿ. ನಾವು ಒಂದೇ ಪಾತ್ರೆಯಿಂದ ತಗೋತೀವಿ, ಮಗಳ ಮದುವೆ ಮಾತು ಬಂದ ಕೂಡ್ಲೇ ಮೆತ್ತಗೆ ಜಾತಿ ಕೇಳ್ತೀವಿ. ಇದನ್ನ ಮುಟ್ಟದೆ ಎಷ್ಟು ಉಪವಾಸ ಕೂಟ ಇಟ್ರೂ ಸಭೆ ಗಟ್ಟಿಯಾಗಲ್ಲ, ನಂಗೆ ಇದ್ರಲ್ಲಿ ಅನುಮಾನವೇ ಇಲ್ಲ.

ಮನೆ ಪ್ರಾರ್ಥನೆಗಳನ್ನೂ ಭಾಷೆ ಪ್ರಕಾರ ಹಂಚ್ಬೇಡಿ, ಬೀದಿ ಪ್ರಕಾರ ಹಂಚಿ. ಎಲ್ರಿಗೂ ಎಲ್ಲಾ ಅರ್ಥ ಆಗ್ಬೇಕು ಅಂತೇನಿಲ್ಲ. ನಮ್ಮ ಸಭೇಲಿ ಒಬ್ರು ಅಜ್ಜಿ ಇದ್ದಾರೆ, ಕನ್ನಡ ಬಿಟ್ರೆ ಬೇರೆ ಬರಲ್ಲ, ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡು ಮಲಗಿದ್ದಾಗ ಅದೇ ಬೀದಿಯ ಮಿಜೋ ನರ್ಸ್ ಹುಡುಗಿ ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದು ಅಜ್ಜಿ ಕೈ ಹಿಡ್ಕೊಂಡು ತನ್ನ ಭಾಷೇಲೇ ಪ್ರಾರ್ಥನೆ ಮಾಡೋಳು, ಅವಳ ದನಿ ನಿಂತ ಕೂಡ್ಲೇ ಅಜ್ಜಿ ಆಮೆನ್ ಅನ್ನೋರು. ಈಗ ಅಜ್ಜಿ ವಾಕರ್ ಹಿಡ್ಕೊಂಡು ಚರ್ಚಿಗೆ ಬರ್ತಾರೆ, ಪಕ್ಕದಲ್ಲಿ ಅವಳಿಗೆ ಜಾಗ ಹಿಡಿದಿರ್ತಾರೆ, ಒಂದು ಭಾನುವಾರ ಕಾಣ್ಲಿಲ್ಲ ಅಂದ್ರೆ ಪಾಸ್ಟರನ್ನೇ ನಿಲ್ಸಿ ಕೇಳ್ತಾರೆ, ನನ್ನ ಹುಡುಗಿ ಎಲ್ಲಿ ಅಂತ.