ಮಧ್ಯಾಹ್ನ ಆಫ್ ಆಗುವ ಕಂಪ್ಯೂಟರ್

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಆರು ವರ್ಷದ ಹಳೇ ಡೆಸ್ಕ್‌ಟಾಪ್. ಬೆಳಿಗ್ಗೆ ಚೆನ್ನಾಗಿರುತ್ತದೆ. ಎರಡು ಗಂಟೆ ದಾಟಿದರೆ ಫ್ಯಾನು ಜೋರಾಗಿ ಕೂಗಿ, ತಟ್ಟನೆ ಆಫ್ ಆಗುತ್ತದೆ. ಮದುವೆ ಕಾರ್ಡಿನ ಕೆಲಸ ತುಂಬಾ ಇದೆ. ಇನ್ನೆರಡು ಫ್ಯಾನ್ ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಇರುವ ಫ್ಯಾನಿಗೇ ಗಾಳಿ ದಾರಿ ಕಟ್ಟಿರಬೇಕು. ಎಸ್.ಪಿ. ರಸ್ತೆಯಲ್ಲಿ ರಿಪೇರಿ ಮಾಡುವ ನನ್ನ ಹತ್ತಿರ ಬೇಸಿಗೆಯಲ್ಲಿ ಇಂಥವೇ ಜಾಸ್ತಿ ಬರುತ್ತವೆ.

ಫ್ಯಾನು ಗಾಳಿ ಆಡಿಸುತ್ತದೆ, ಗಾಳಿಯನ್ನು ತಂಪು ಮಾಡುವುದಿಲ್ಲ. ಬೆಳಿಗ್ಗೆ 24 ಡಿಗ್ರಿ ಇದ್ದ ಅಂಗಡಿ ಮಧ್ಯಾಹ್ನ 35ಕ್ಕೆ ಹೋದರೆ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಕೂಡ ಸುಮಾರು ಅಷ್ಟೇ ಮೇಲೇರುತ್ತದೆ. 100 ಡಿಗ್ರಿ ಹತ್ತಿರ ಬಂದರೆ ಮೊದಲು ತಾನೇ ನಿಧಾನ ಆಗುತ್ತದೆ. ಅದೂ ಸಾಲದಿದ್ದರೆ ಸುಟ್ಟುಹೋಗದಿರಲಿ ಅಂತ ಆಫ್ ಆಗುತ್ತದೆ.

ಪ್ಲಗ್ ಕಿತ್ತು ಪಕ್ಕದ ಬಾಗಿಲು ತೆಗೆಯಿರಿ. ಪ್ರೊಸೆಸರ್ ಮೇಲಿನ ಫ್ಯಾನು ನೋಡಿದರೆ ಚೊಕ್ಕವಾಗೇ ಕಾಣಬಹುದು. ಮೋಸ ಹೋಗಬೇಡಿ. ರೆಕ್ಕೆಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. ಕೆಳಗಿನ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಧೂಳು ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಡಿಟಿಪಿ ಅಂಗಡಿ ಅಂದಮೇಲೆ ಕಾಗದದ ಧೂಳೂ ಸೇರಿರುತ್ತದೆ, ಅಲ್ವಾ? ಒದ್ದೆಯಿಲ್ಲದ ಮೆತ್ತನೆ ಪೇಂಟ್ ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಲ್ಲಿ ಹಿಡಿದಿರಿ. ಬಿಟ್ಟರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹಿಂದಿನ ಫ್ಯಾನು, ಮುಂದಿನ ಜಾಲರಿ ಕೂಡ ಹಾಗೇ ಮಾಡಿ.

ಪ್ರೊಸೆಸರ್ ಮೇಲಿನ ಆ ಫ್ಯಾನು, ಪಟ್ಟಿ ಎರಡೂ ಸೇರಿದ್ದೇ ಕೂಲರ್. ಅದಕ್ಕೆ ನಾಲ್ಕು ಪ್ಲಾಸ್ಟಿಕ್ ಕಾಲುಗಳಿದ್ದರೆ ಒಂದೊಂದನ್ನೂ ಮುಟ್ಟಿ ನೋಡಿ. ಒಂದು ಕಾಲು ಮೇಲೆದ್ದಿದ್ದರೂ ಶಾಖ ಸರಿಯಾಗಿ ದಾಟುವುದಿಲ್ಲ. ಶಾಖ ದಾಟಲಿ ಅಂತ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರುವ ಥರ್ಮಲ್ ಪೇಸ್ಟ್ ಕೂಡ ಆರು ವರ್ಷಕ್ಕೆ ಒಣಗಿರಬಹುದು. ಕೂಲರ್ ಬಿಚ್ಚಿದರೆ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಲೇಬೇಕು.

ಇನ್ನೊಂದು ಮಾತು. ಸಿಪಿಯು ಮೇಜಿನ ಮುಚ್ಚಿದ ಖಾನೆಯಲ್ಲಿದ್ದರೆ ಇವತ್ತೇ ಹೊರಗಿಡಿ. ಹಿಂದಿನಿಂದ ಬಂದ ಬಿಸಿಗಾಳಿ ಅಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಗೋಡೆಗೂ ಅದಕ್ಕೂ ಒಂದು ಗೇಣು ಬಿಡಿ. ಪಕ್ಕದ ಬಾಗಿಲು ತೆಗೆದೇ ಇಡುವವರಿದ್ದಾರೆ. ನಾಲ್ಕು ದಿನ ತಂಪು ಅನ್ನಿಸಿದರೂ ಧೂಳು ಬೇಗ ತುಂಬುತ್ತದೆ, ಬೇಡ.

ಇಷ್ಟು ಮಾಡಿಯೂ ಆಫ್ ಆದರೆ ಪವರ್ ಸಪ್ಲೈ, ಅಂದರೆ ಕರೆಂಟ್ ವೈರ್ ಬಂದು ಸೇರುವ ಒಳಗಿನ ಡಬ್ಬದ ಮೇಲೆ ಅನುಮಾನ. ಆ ಡಬ್ಬ ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಯಾರಾದರೂ ಮೆಕ್ಯಾನಿಕ್‌ಗೆ ತೋರಿಸಿ. ಅಲ್ಲಿಯವರೆಗೆ ಕಾರ್ಡಿನ ಫೈಲನ್ನು ಐದು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಿರಿ.