ವೆಟಲ್ ಬಿಟ್ಟ ಸೀಟಿಗೆ ಅಲೊನ್ಸೊ ಬಂದದ್ದು ಸರಿಯೇ?

ಫಾರ್ಮುಲಾ ಒನ್ ಕಾರ್ ರೇಸಿನ ಚಾಲಕ ಸೆಬಾಸ್ಟಿಯನ್ ವೆಟಲ್ ನಿವೃತ್ತರಾದಾಗ ಅವರ ಆಸ್ಟನ್ ಮಾರ್ಟಿನ್ ತಂಡ ಒಬ್ಬ ಹೊಸ ಹುಡುಗನನ್ನು ತರುವ ಬದಲು ವೆಟಲ್‌ಗಿಂತ ಸುಮಾರು ಆರು ವರ್ಷ ದೊಡ್ಡವರಾದ ಫರ್ನಾಂಡೊ ಅಲೊನ್ಸೊ ಅವರನ್ನು ಕರೆದದ್ದು ಸರಿಯೇ, ಹಿರಿಯ ಚಾಲಕ ಇಳಿದರೆ ಆ ಜಾಗ ಯಾರಿಗೆ ಸಲ್ಲಬೇಕು ಅಂತ ಕೇಳಿದ್ದೀರಿ. ಅಲೊನ್ಸೊ ಅವರನ್ನು ತಂದದ್ದು ಸರಿ ಅಂತಲೇ ನನ್ನ ಉತ್ತರ. ಆದರೆ ಅದೇ ತಂಡ ಇನ್ನೊಬ್ಬ ಹುಡುಗನನ್ನು ಕಾಯಿಸಿದ ರೀತಿ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ವೆಟಲ್ ತಮ್ಮ ನಿರ್ಧಾರ ಹೇಳಿದ್ದು 2022ರ ಜುಲೈ 28ರಂದು, ಹಂಗೆರಿ ರೇಸಿನ ವಾರ. 2010ರಿಂದ 2013ರವರೆಗೆ ಸತತ ನಾಲ್ಕು ಸಲ ಚಾಂಪಿಯನ್, 53 ಗೆಲುವು, ವಯಸ್ಸು 35. ನನಗಂತೂ ಮನೆಯವರೇ ಯಾರೋ ಹೊರಟು ನಿಂತಂತೆ ಅನಿಸಿತ್ತು. ನಾಲ್ಕೇ ದಿನದಲ್ಲಿ, ಆಗಸ್ಟ್ 1ರಂದು, ಅಲೊನ್ಸೊ ಹೆಸರು ಹೊರಬಿತ್ತು. ಅವರಿಗೆ ಆಗಷ್ಟೇ 41 ತುಂಬಿತ್ತು. ಕೊನೆಯ ಗೆಲುವು 2013ರಷ್ಟು ಹಿಂದಿನದು. ಇಷ್ಟು ವಯಸ್ಸಾದವರನ್ನು ತಂದು ಏನು ಮಾಡುತ್ತಾರೆ ಅಂತ ಅವತ್ತು ನಾನೂ ಸಿಟ್ಟಾಗಿದ್ದೆ.

ಆಮೇಲೆ ಪಕ್ಕದ ಕಾರಿನಲ್ಲಿ ಯಾರಿದ್ದಾರೆ ಅಂತ ನೋಡಲು ಕಲಿತೆ. ಒಂದು ತಂಡಕ್ಕೆ ಇರುವುದು ಎರಡೇ ಕಾರು. ಕಾರು ನಿಧಾನವಾಗಿದ್ದರೆ ತಪ್ಪು ಕಾರಿನದೋ ಚಾಲಕನದೋ ಅಂತ ಖಚಿತವಾಗಿ ಹೇಳಬಲ್ಲವರು ಇಬ್ಬರಲ್ಲಿ ಒಬ್ಬರಾದರೂ ಬೇಕು. ಚಾಲಕ ಬ್ರೇಕ್ ಎಷ್ಟು ಒತ್ತಿದ, ಸ್ಟಿಯರಿಂಗ್ ಎಷ್ಟು ತಿರುಗಿಸಿದ ಅನ್ನುವುದನ್ನೆಲ್ಲ ಸೆನ್ಸರ್‌ಗಳು ಬರೆದಿಡುತ್ತವೆ. ತಿರುವಿನ ನಡುವೆ ಅವನ ಕಾಲು ಯಾಕೆ ಹಿಂಜರಿಯಿತು ಅನ್ನುವುದನ್ನು ಮಾತ್ರ ಅವನೇ ಬಾಯಿಬಿಟ್ಟು ಹೇಳಬೇಕು. ಹಿಂದಿನ ಟಯರ್ ಜಾರುವ ಭಯವಿತ್ತೇ, ಮುಂಭಾಗ ತಿರುಗಲು ಒಲ್ಲದೆ ಹೋಯಿತೇ? ಹೊಸಬನಿಗೆ ಹೋಲಿಸಲು ಬೇರೆ ಫಾರ್ಮುಲಾ ಒನ್ ಕಾರೇ ಗೊತ್ತಿರುವುದಿಲ್ಲ. ತಪ್ಪು ತನ್ನದೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾನೆ. ಆಸ್ಟನ್ ಮಾರ್ಟಿನ್‌ನ ಇನ್ನೊಂದು ಕಾರಿನಲ್ಲಿದ್ದವರು ಮಾಲೀಕರ ಮಗ ಲ್ಯಾನ್ಸ್ ಸ್ಟ್ರೋಲ್. ಆರು ವರ್ಷ ಓಡಿಸಿದ್ದರು ನಿಜ, ಆದರೆ ತಂಡದ ಅಳತೆಗೋಲು ವೆಟಲ್ ಆಗಿದ್ದರು. ಆ ಅಳತೆಗೋಲೇ ಹೊರಟಾಗ ಅಷ್ಟೇ ಪಳಗಿದ ಇನ್ನೊಂದು ಕೈ ಬೇಕಿತ್ತು.

ಫಲ ಬೇಗ ಕಂಡಿತು. 2022ರಲ್ಲಿ ತಂಡಕ್ಕೆ ಬಂದದ್ದು 55 ಅಂಕ, 2023ರಲ್ಲಿ 280. ಅದರಲ್ಲಿ 206 ಅಲೊನ್ಸೊ ಒಬ್ಬರದೇ. ಮೊದಲ ಎಂಟು ರೇಸ್‌ಗಳಲ್ಲಿ ಆರು ಪೋಡಿಯಂ, ಅಂದರೆ ಆರು ಸಲ ಮೊದಲ ಮೂವರಲ್ಲಿ ಒಬ್ಬರು! ಕಾರು ಸುಧಾರಿಸಿತ್ತು, ಒಪ್ಪುತ್ತೇನೆ. ಅದೇ ಕಾರಿನಲ್ಲಿ ಸ್ಟ್ರೋಲ್ ಗಳಿಸಿದ್ದು 74.

ಮರ್ಸಿಡಿಸ್ ತಂಡದಲ್ಲಿ ಇದೇ ಲೆಕ್ಕ ಉಲ್ಟಾ. ಅಲ್ಲಿಯ ಹಿರಿಯ ಚಾಲಕ ಲೂಯಿಸ್ ಹ್ಯಾಮಿಲ್ಟನ್ ಫೆರಾರಿ ತಂಡಕ್ಕೆ ಹೊರಟಾಗ ಪಕ್ಕದಲ್ಲಿ ಜಾರ್ಜ್ ರಸೆಲ್ ಗಟ್ಟಿಯಾಗಿ ಕೂತಿದ್ದರು. ಹಾಗಾಗಿ ಕಿಮಿ ಆಂಟೊನೆಲ್ಲಿಯಂಥ ಹುಡುಗನನ್ನು ತರುವ ಧೈರ್ಯ ಮಾಡಬಹುದಿತ್ತು, ಮಾಡಿದರು. 2024ರಲ್ಲಿ ಇಟಲಿಯ ಮೊಂಜಾದ ಅಭ್ಯಾಸದಲ್ಲಿ ಆತ ಹತ್ತೇ ನಿಮಿಷದಲ್ಲಿ ಕಾರನ್ನು ಗೋಡೆಗೆ ಹೊಡೆದ. ಮರುದಿನವೇ ತಂಡ ಅವನ ಹೆಸರು ಘೋಷಿಸಿತು. ನನಗೆ ಆ ನಿಲುವು ತುಂಬ ಹಿಡಿಸಿತು. ಆದರೆ ಅದರ ಹಿಂದೆ ಹಳೆಯ ಕಾರುಗಳಲ್ಲಿ ತಿಂಗಳುಗಟ್ಟಲೆ ಮಾಡಿಸಿದ ಅಭ್ಯಾಸವಿತ್ತು ಅನ್ನುವುದನ್ನು ಮರೆಯಬೇಡಿ. 18ನೇ ವಯಸ್ಸಿನಲ್ಲಿ, ಮಳೆ ಬಿದ್ದ ಮೆಲ್ಬರ್ನ್‌ನಲ್ಲಿ, ಮೊದಲ ರೇಸಿಗೇ ನಾಲ್ಕನೇ ಸ್ಥಾನ ಬಂದದ್ದು ಬರೀ ಅದೃಷ್ಟದಿಂದಲ್ಲ.

ಇನ್ನು ನನ್ನ ನೋವಿನ ವಿಷಯ. ಫೆಲಿಪೆ ದ್ರುಗೊವಿಚ್, ಬ್ರೆಜಿಲ್‌ನವರು, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿಯಾದ ಫಾರ್ಮುಲಾ ಟುನಲ್ಲಿ 2022ರ ಚಾಂಪಿಯನ್. ಅಲ್ಲಿ ಚಾಂಪಿಯನ್ ಆದವರು ಮತ್ತೆ ಅದೇ ಸರಣಿಯಲ್ಲಿ ಓಡುವಂತಿಲ್ಲ, ನಿಯಮವೇ ಹಾಗೆ. ಅಂದರೆ ಗೆದ್ದವನಿಗೆ ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನದು ತೆರೆಯದಿದ್ದರೆ ನಡುಮನೆಯಲ್ಲೇ ನಿಲ್ಲಬೇಕು. ಆಸ್ಟನ್ ಮಾರ್ಟಿನ್ ಅವರನ್ನು ಮೀಸಲು ಚಾಲಕನಾಗಿ ಇಟ್ಟುಕೊಂಡಿತು. 2023ರ ಆರಂಭದಲ್ಲಿ ಸ್ಟ್ರೋಲ್ ಸೈಕಲ್‌ನಿಂದ ಬಿದ್ದು ಕೈಗೆ ಪೆಟ್ಟು ಮಾಡಿಕೊಂಡಾಗ ರೇಸ್‌ಗಳು ಶುರುವಾಗುವ ಮುಂಚಿನ ಬಹರೇನ್ ಟೆಸ್ಟಿಂಗ್‌ನಲ್ಲಿ ಕಾರು ಓಡಿಸಿದ್ದು ದ್ರುಗೊವಿಚ್. ರೇಸಿನ ಹೊತ್ತಿಗೆ ಸ್ಟ್ರೋಲ್ ಮರಳಿದರು. ವರ್ಷಗಳು ಕಳೆದವು, ಓಡಲು ಒಂದೇ ಒಂದು ಫಾರ್ಮುಲಾ ಒನ್ ರೇಸ್ ಸಿಗಲಿಲ್ಲ. ಕೊನೆಗೆ ವಿದ್ಯುತ್ ಕಾರುಗಳ ಸರಣಿಯಾದ ಫಾರ್ಮುಲಾ ಇ ಕಡೆ ಹೊರಟರು. ಅಲೊನ್ಸೊ ಪಕ್ಕದಲ್ಲಿ ಕೂತು ಕಲಿಯಲು ಅವರಿಗಿಂತ ಒಳ್ಳೆಯ ವಿದ್ಯಾರ್ಥಿ ಆ ತಂಡಕ್ಕೆ ಸಿಗುತ್ತಿರಲಿಲ್ಲ.

ಹಾಗಾಗಿ ಅಲೊನ್ಸೊ ಜಾಗಕ್ಕೆ ಯಾರು ಅಂತ ಮುಂದೆ ನೀವು ಕೇಳಿದರೆ, ಹೆಸರಿಗಿಂತ ಮೊದಲು ಎರಡು ಸಂಗತಿ ಕೇಳುತ್ತೇನೆ. ಪಕ್ಕದ ಕಾರಿನಲ್ಲಿ ಇನ್ನೂ ಸ್ಟ್ರೋಲ್ ಅವರೇ ಇದ್ದಾರೆಯೇ? ಇದ್ದರೆ ಕನಿಷ್ಠ ಐದಾರು ವರ್ಷ ಬೇರೆ ಬೇರೆ ಕಾರು ಓಡಿಸಿದವರೇ ಬರಬೇಕು. ಹೊಸ ಹುಡುಗನೇ ಬೇಕೆಂದರೆ, ಅಲೊನ್ಸೊ ತಂಡದಲ್ಲಿ ಇರುವಾಗಲೇ ಅವನನ್ನು ಹಳೆಯ ಕಾರಿನಲ್ಲಿ ಕೂರಿಸಿ ಎಷ್ಟು ದಿನ ಓಡಿಸಿದ್ದಾರೆ?